ರಾಬಂದು ಕೂತ ಮನೆ

ಆಷಾಢ ಹುಟ್ಟಿ ಆರು ದಿನವಾಗಿತ್ತು. ಕಲ್ಯಾಣದುರ್ಗದ ಕಡೆ ಆ ತಿಂಗಳೆಂದರೆ ಗಾಳಿ; ಹಗಲು ರಾತ್ರಿ ಬಿಡುವಿಲ್ಲದ ಗಾಳಿ. ಅಂಥ ಒಂದು ಭಾನುವಾರ ಬೆಳಿಗ್ಗೆ ಏಳರ ಹೊತ್ತಿನಲ್ಲಿ, ಮುನೆಮ್ಮ ಒಲೆಯ ಮುಂದೆ ಕೂತು ಗಂಜಿ ತಿರುವುತ್ತಿದ್ದಾಗ ಮಾಳಿಗೆಯ ಮೇಲೆ ಏನೋ ದಡ್ ಎಂದಿತು.

ಕೋತಿಯಲ್ಲ. ಕೋತಿ ಒಂದೇ ಬರುವುದಿಲ್ಲ, ಬಂದ ಮೇಲೆ ಸುಮ್ಮನಿರುವುದೂ ಇಲ್ಲ. ಇದು ಒಂದೇ ಸಲ, ತುಂಬಿದ ಮೂಟೆ ಇಳಿಸಿದ ಹಾಗೆ. ಆಮೇಲೆ ಪ್ಲಾಸ್ಟಿಕ್ಕಿನ ಮೇಲೆ ಉಗುರು ಎಳೆದಂಥ ಕರಕರ ಸದ್ದು. ಮುನೆಮ್ಮ ಸೌಟನ್ನು ಹಾಗೇ ಹಿಡಿದು ಕಿವಿಗೊಟ್ಟಳು. ಗಂಜಿ ತಳ ಹತ್ತಿತು. ಮೇಲೆ ಮತ್ತೇನೂ ಕೇಳಲಿಲ್ಲ. ನೀರಿನ ಟ್ಯಾಂಕಿನ ಮುಚ್ಚಳ ಒಂದು ವಾರದಿಂದ ಸಡಿಲವಾಗಿತ್ತು, ಗಾಳಿಗೆ ಎದ್ದು ಬಿದ್ದಿರಬೇಕು ಎಂದುಕೊಂಡಳು. ಮಾಳಿಗೆಗೆ ಕಬ್ಬಿಣದ ಏಣಿ. ಅರವತ್ತೆಂಟು ವರ್ಷದ ಮಂಡಿ ಹೊತ್ತುಕೊಂಡು ಅದನ್ನು ಹತ್ತುವುದು ಅವಳಿಂದಾಗುವ ಮಾತಲ್ಲ.

ಮನೆಯಲ್ಲಿ ಇದ್ದವರು ಮೂವರು. ಮುನೆಮ್ಮ, ಅವಳ ಮಗ ರವಿತೇಜ, ಸೊಸೆ ಕಲ್ಯಾಣಿ. ರವಿತೇಜ ಕಲ್ಯಾಣದುರ್ಗಕ್ಕೂ ಬ್ರಹ್ಮಸಮುದ್ರಕ್ಕೂ ಜೀಪು ಓಡಿಸುತ್ತಿದ್ದ. ಕಲ್ಯಾಣಿಗೆ ಎಂಟನೇ ತಿಂಗಳು. ಇದಕ್ಕೆ ಮುಂಚೆ ಎರಡು ಸಲ ಕಳೆದುಕೊಂಡಿದ್ದಳು. ಈ ಸಲ ಮಗುವಿನ ಮಾಸು ಕೆಳಗೆ ಕೂತಿದೆ, ಮಂಚ ಬಿಟ್ಟು ಏಳಬೇಡ, ಬಸ್ಸು ಜೀಪು ಹತ್ತಲೇಬೇಡ ಎಂದು ಡಾಕ್ಟರಮ್ಮ ಕಟ್ಟುನಿಟ್ಟಾಗಿ ಹೇಳಿದ್ದರು. ಅದಕ್ಕೇ ಬಾಗಿಲ ಪಕ್ಕದಲ್ಲಿ, ಗಾಳಿ ಬರುವ ಕಡೆ ಅವಳಿಗೆ ಮಂಚ ಹಾಕಿದ್ದರು. ಅವಳ ಸೀರೆ ಒಣಹಾಕುವವನೂ ರವಿತೇಜನೇ. ಆ ಭಾನುವಾರವೂ ಆರು ಗಂಟೆಗೆ ಅವಳ ಹಳದಿ ಸೀರೆಯನ್ನು ಮಾಳಿಗೆಯ ಹಗ್ಗಕ್ಕೆ ಹಾಕಿ, ಜೀಪು ತೆಗೆದುಕೊಂಡು ಹೋಗಿದ್ದ.

ಸದ್ದಿನ ವಿಚಾರ ಮುನೆಮ್ಮ ಯಾರಿಗೂ ಹೇಳಲಿಲ್ಲ. ಸೋಮವಾರ ಸಂಜೆ ಒಂದು ತುಂತುರು ಬಂದು ಹೋಯಿತು. ಮಂಗಳವಾರ ಬೆಳಿಗ್ಗೆ ದಾಸಣ್ಣ ಬಂದ.

ದಾಸಣ್ಣ ಮುನೆಮ್ಮನ ತೀರಿಹೋದ ಗಂಡನ ಅಣ್ಣ. ಎರಡು ಬೀದಿ ಆಚೆ ಮನೆ. ಎರಡು ಕಣ್ಣಿಗೂ ಪೊರೆ ಬಂದಿತ್ತು, ಆದರೂ ಮೊಮ್ಮಗಳು ಮೌನಿಕಾ ಕೊಡಿಸಿದ ಫೋನನ್ನು ಮೂಗಿಗೆ ಹಿಡಿದುಕೊಂಡೇ ಓಡಾಡುವವನು.

“ಮುನೆಮ್ಮಾ, ನಿಮ್ಮನೆ ಪೇಪರ್‌ನಾಗೆ ಬಂದ್ಬುಟ್ಟೈತೆ ಕಣಮ್ಮ,” ಎಂದು ಗೇಟಿನಿಂದಲೇ ಕೂಗಿದ. “ಟೀ ಕಾಸು. ದೊಡ್ಡೋರ ಮನೆ ಆಯ್ತಲ್ಲ, ಸಕ್ಕರೆ ಜಾಸ್ತಿ ಬೀಳ್ಲಿ.”

“ನಮ್ಮನೇನ್ಯಾಕೆ ಪೇಪರ್‌ನೋರು ಹಾಕ್ತಾರೆ ಭಾವ? ಇನ್ಯಾರ್ದೋ ಇರ್ಬೇಕು.”

“ನಿಮ್ದೇ ಕಣಮ್ಮ. ಕರೀ ಟ್ಯಾಂಕು, ಪಕ್ದಾಗೆ ನಿನ್ನ ಮಗ ಒಣಹಾಕಿದ ಸೀರೆ. ಊರಿಗೆಲ್ಲ ಗೊತ್ತಾಯ್ತು ನೋಡು, ನಿಮ್ಮನೇಲಿ ಸೀರೆ ಒಗೆಯೋರು ಯಾರು ಅಂತ. ಮ್ಯಾಲೆ ಒಂದು ಹಕ್ಕಿ ಬ್ಯಾರೆ ಕೂತೈತೆ, ನವಿಲೋ ಏನೋ.”

ಕಲ್ಯಾಣಿ ಮಂಚದಿಂದಲೇ ನಗುತ್ತ ಕೈ ಚಾಚಿ ಫೋನು ಇಸಿದುಕೊಂಡಳು. ಪಟದ ಕೆಳಗೆ ತೆಲುಗಿನಲ್ಲಿ ಬರೆದಿತ್ತು. ಹಿಂದೂಪುರದಲ್ಲಿ ಡಿಗ್ರಿ ಓದಿದ ಹುಡುಗಿ, ತಡವರಿಸದೆ ಜೋರಾಗಿ ಓದಿಬಿಟ್ಟಳು: “ಮೂವತ್ತು ವರ್ಷದ ಮೇಲೆ ಕಲ್ಯಾಣದುರ್ಗಕ್ಕೆ ವಾಪಸ್ ಬಂದ ರಾಬಂದು.”

ದಾಸಣ್ಣನ ನಗು ನಿಂತಿತು. ಮುನೆಮ್ಮನ ಕೈಯಲ್ಲಿದ್ದ ಟೀ ಪುಡಿಯ ಡಬ್ಬಿ ನಿಂತಲ್ಲೇ ನಿಂತಿತು.

“ಆ ಹೆಸ್ರು ಹೊಸಲತ್ರ ಅನ್ಬ್ಯಾಡ,” ಎಂದಳು ಮುನೆಮ್ಮ. ಗದರಲಿಲ್ಲ. ಮೆಲ್ಲಗೆ ಹೇಳಿದಳು. ಅದಕ್ಕೇ ಕಲ್ಯಾಣಿಗೆ ಹೆದರಿಕೆಯಾಯಿತು.

ಕನ್ನಡದ ಪುಸ್ತಕಗಳಲ್ಲಿ ಆ ಹಕ್ಕಿಗೆ ರಣಹದ್ದು ಎನ್ನುತ್ತಾರೆ. ಈ ಕಡೆ ನಡೆಯುವುದು ತೆಲುಗಿನ ಹೆಸರು. ಆದರೆ ಮುನೆಮ್ಮ ಹುಟ್ಟಿದ ಮನೆಯಲ್ಲಿ ಆ ಹೆಸರನ್ನು ಬಾಗಿಲಲ್ಲಿ ನಿಂತು ಯಾರೂ ಆಡುತ್ತಿರಲಿಲ್ಲ. ತೆಲುಗಿನಲ್ಲಿ ರಾ ಎಂದರೆ ಬಾ. ರಾ, ಬಂಧು. ಬಾರೋ ನೆಂಟ. ಹೊಸಿಲಲ್ಲಿ ನಿಂತು ಕರೆದರೆ ಯಾವ ನೆಂಟ ತಾನೇ ಬರುವುದಿಲ್ಲ? ಹೇಳಲೇಬೇಕಾದರೆ ತಾತ ಎನ್ನಬೇಕು, ಬೋಡತಾತ, ಬೋಳುತಲೆಯ ಅಜ್ಜ. ಮನೆಯ ಹಿಂದೆ ಒಂದು ಅರ್ಧ ಕಿಲೋಮೀಟರು ದೂರದಲ್ಲಿ ಒಂದು ಗುಂಡುಬಂಡೆ ಇದೆ. ಹಿಂದಿನ ಕಾಲದಲ್ಲಿ ಅವು ಸಾಲಾಗಿ ಕೂರುತ್ತಿದ್ದದ್ದು ಅಲ್ಲೇ. ಅವುಗಳ ಹಿಕ್ಕೆ ಇಳಿದು ಸುಣ್ಣ ಬಳಿದ ಹಾಗೆ ಪಟ್ಟೆ ಪಟ್ಟೆ ಕಲೆ ಇನ್ನೂ ಉಳಿದಿದೆ. ಹೆಸರು ತಾತನಬಂಡೆ. ಈಚೆಗೆ ಬಡಾವಣೆಗೆ ಬಂದವರಿಗೆ ಈ ಹಳೆಯ ಕತೆ ತಿಳಿಯದು. ಯಾರೋ ಸಾಧು ತಾತ ಅಲ್ಲಿ ತಪಸ್ಸಿಗೆ ಕೂತಿದ್ದ ಎಂದುಕೊಂಡು ಬಂಡೆಗೆ ಕುಂಕುಮ ಹಚ್ಚಿ, ಕಾವಿ ಬಾವುಟ ಕಟ್ಟಿ, ಗುರುವಾರ ಗುರುವಾರ ತೆಂಗಿನಕಾಯಿ ಒಡೆಯುತ್ತಾರೆ. ದಾಸಣ್ಣ ಅದನ್ನು ಹೇಳಿಕೊಂಡು ನಗುತ್ತಿದ್ದವನು. ಆ ಮಂಗಳವಾರ ನಗಲಿಲ್ಲ.

ಪಟದಲ್ಲಿ ಅದು ಟ್ಯಾಂಕಿನ ಮುಚ್ಚಳದ ಮೇಲೆ ಕೂತಿತ್ತು. ಬೋಳುತಲೆ, ಬಾಗಿದ ಉದ್ದ ಕತ್ತು, ಕತ್ತಿನ ಬುಡಕ್ಕೆ ಮಾಸಿದ ಹತ್ತಿಯಂಥ ತುಪ್ಪಳ. ಹೆಗಲು ಮುದುಡಿಕೊಂಡು, ಕೆಳಗೆ ಮನೆಯೊಳಗೆ ಯಾರಿದ್ದಾರೆ ಎಂದು ಬಗ್ಗಿ ನೋಡುವ ಹಾಗೆ. ಪಕ್ಕದಲ್ಲಿ ಹಳದಿ ಸೀರೆ ಬಿಸಿಲಿಗೆ ಹೊಳೆಯುತ್ತಿತ್ತು.

ತಾತ ಕೂತ ಮನೆಯನ್ನು ಆರು ತಿಂಗಳು ಬಿಡಬೇಕು. ಅಲ್ಲಿ ಒಲೆ ಉರಿಯಬಾರದು, ದೀಪ ಹಚ್ಚಬಾರದು. ಬಿಟ್ಟು ಹೋದವರನ್ನು ಇನ್ನೊಂದು ಮನೆಯವರು ಒಳಗೆ ಸೇರಿಸುವುದಿಲ್ಲ; ಹೊಲದಲ್ಲೋ ಕೊಟ್ಟಿಗೆಯಲ್ಲೋ ಇರಬೇಕು. ಬಿಡದಿದ್ದರೆ ಆ ಮನೆಯಿಂದ ಒಂದು ಜೀವ ಹೋಗುತ್ತದೆ. ಇದು ಈ ಕಡೆಯ ಹಳಬರೆಲ್ಲ ತಿಳಿದ ವಿಷಯ. ಮಾಳಿಗೆಯ ಕೆಳಗಿರುವ ಜೀವಗಳಲ್ಲಿ ಯಾವುದು ಎಲ್ಲಕ್ಕಿಂತ ಚಿಕ್ಕದು ಎಂಬುದೂ ಅಲ್ಲಿದ್ದ ಮೂವರಿಗೂ ತಿಳಿದಿತ್ತು.

“ಹೊಲದಾಗೆ ಬೋರಿನ ಶೆಡ್ ಐತಲ್ಲ, ಬ್ರಹ್ಮಸಮುದ್ರದತ್ರ,” ಎಂದ ದಾಸಣ್ಣ, ಟೀ ಮುಟ್ಟದೆ. “ಅಲ್ಲಿಗೆ ಹೋಗ್ಬುಡ್ರಿ.”

“ಇವ್ಳು ಜೀಪ್ ಹತ್ತಂಗಿಲ್ಲ ಭಾವ. ಎಂಟ್ನೇ ತಿಂಗ್ಳಾಗೆ ಬಸ್ರಿ ಹೆಂಗಸ್ನ ಮನೆ ಬದಲಾಯಿಸಂಗೂ ಇಲ್ಲ. ಆ ರಸ್ತೆನಾಗೆ ಕುಲುಕ್ಕೊಂಡು ಹೋದ್ರೆ ಮಗೀನ ಗತಿ ಏನು?”

“ಇಲ್ಲಿದ್ರೆ ಏನು?”

ಹೋದರೆ ಒಂದು ಭಯ, ಇದ್ದರೆ ಒಂದು ಭಯ, ಎರಡೂ ಬಂದು ನಿಲ್ಲುವುದು ಆ ಮಂಚದ ಹತ್ತಿರವೇ.

ಸಂಜೆ ರವಿತೇಜ ಬಂದವನೇ ಏಣಿ ಹತ್ತಿ ನೋಡಿದ. ತುಂತುರು ಮಳೆ ಟ್ಯಾಂಕನ್ನು ತೊಳೆದಿಟ್ಟಿತ್ತು. “ಏನೂ ಇಲ್ಲ ಕಣಮ್ಮ. ಒಂದು ಹಕ್ಕಿ ಅದು. ಕೂತ್ಕಂತು, ಹೋಯ್ತು,” ಎಂದ. ಆದರೆ ಊಟಕ್ಕೆ ಕೂತು ಮುದ್ದೆ ಮುರಿಯದೆ ತಟ್ಟೆಯನ್ನೇ ನೋಡುತ್ತಿದ್ದ. ಆಮೇಲೆ ಹೇಳಿದ, ಜೀಪಿನಲ್ಲಿ ಮುಂದಿನ ಸೀಟಿಗೆ ಇವತ್ತು ಯಾರೂ ಬರಲಿಲ್ಲ ಎಂದು. ಹಿಂದೆ ಹನ್ನೊಂದು ಜನ ಒತ್ತಿಕೊಂಡು ನಿಂತರು, ಅವನ ಪಕ್ಕ ಮಾತ್ರ ಖಾಲಿ.

ಬುಧವಾರ ಹಾಲಿನ ಆದಿಲಕ್ಷ್ಮಿ ಗೇಟು ತೆಗೆಯಲಿಲ್ಲ. ಪಾಕೀಟನ್ನು ಕಾಂಪೌಂಡಿನ ಮೇಲಿಟ್ಟು, “ಇಲ್ಲೇ ಮಡಗಿವ್ನಿ ಅಕ್ಕಾ,” ಎಂದು ಕೂಗಿ ಸರಸರನೆ ಹೋದಳು. ಮಧ್ಯಾಹ್ನ ಕಲ್ಯಾಣಿ ಅತ್ತೆಯ ಕೈ ಹಿಡಿದು ಹೊಟ್ಟೆಯ ಮೇಲೆ ಇಟ್ಟುಕೊಂಡಳು.

“ಬೆಳಿಗ್ಗೆಯಿಂದ ಒದ್ದಿಲ್ಲ ಅತ್ತಮ್ಮ.”

ಇಬ್ಬರೂ ಉಸಿರು ಹಿಡಿದು ಕಾದರು. ಹೊರಗೆ ಗಾಳಿ ಟ್ಯಾಂಕಿನ ಮುಚ್ಚಳವನ್ನು ಎತ್ತಿ ಎತ್ತಿ ಹಾಕುತ್ತಿತ್ತು. ಪ್ರತಿ ಸಲ ಅದು ಬಡಿದಾಗಲೂ ಹುಡುಗಿಯ ಮೈ ಅದುರುತ್ತಿತ್ತು. ಬಹಳ ಹೊತ್ತಿನ ಮೇಲೆ ಅಂಗೈಯ ಕೆಳಗೆ ಏನೋ ಹೊರಳಿತು, ಮೀನು ಹೊರಳಿದಷ್ಟು.

“ನಾನೇ ಕರೆದೆ ಅಲ್ವಾ ಅತ್ತಮ್ಮ? ಹೊಸಿಲಲ್ಲಿ ಹೆಸರು ಹಿಡಿದು.”

“ನೀನು ಓದಿದ್ದು ಮಂಗಳವಾರ. ಅದು ಬಂದಿದ್ದು ಭಾನುವಾರ. ಕರೆಯೋಕೆ ಮುಂಚೆ ಬಂದೋನು ನೆಂಟ ಹೆಂಗಾಯ್ತಾನೆ? ಸುಮ್ನೆ ಮಲಿಕ್ಕೊ,” ಎಂದಳು ಮುನೆಮ್ಮ. ಕಲ್ಯಾಣಿ ಒಂದಿಷ್ಟು ನಕ್ಕಳು. ಭಾನುವಾರ ಎಂದು ತನ್ನ ಬಾಯಿಂದ ಬಂದದ್ದೇ ತಡ, ಮುನೆಮ್ಮನ ಕಿವಿಯಲ್ಲಿ ಆ ದಡ್ ಎಂಬ ಸದ್ದು ಮತ್ತೊಮ್ಮೆ ಬಿತ್ತು.

ಅವಳು ಆಗಲೇ ತೀರ್ಮಾನ ಮಾಡಿದ್ದು. ದಾಸಣ್ಣನನ್ನು ಕರೆದು ಕೇಳಿದಳು: “ಅದು ಕೂತಿದ್ನ ಕಣ್ಣಾರೆ ಯಾರು ನೋಡವ್ರೆ ಭಾವ?”

“ಪಟ ಐತಲ್ಲಮ್ಮ.”

“ಪಟ ತೆಗ್ದೋನು ನೋಡಿರ್ತಾನಲ್ಲ. ಅವ್ನ ಕೇಳ್ಬುಟ್ಟು ಬತ್ತೀನಿ. ಕೂತಿತ್ತು ಅಂದ್ರೆ ಬಿಡೋಣ. ಇಲ್ಲ ಅಂದ್ರೆ ಯಾಕೆ ಬಿಡ್ಬೇಕು?”

ಪಟದ ಮೂಲೆಯಲ್ಲಿ ತೆಗೆದವನ ಹೆಸರಿತ್ತು: ಜಯಚಂದ್ರ, ಹಿಂದೂಪುರ. ಕಲ್ಯಾಣಿಯ ತಾಯಿ ರಮಾದೇವಿ ಇರುವುದೂ ಹಿಂದೂಪುರವೇ. ಫೋನಿನಲ್ಲಿ ವಿಚಾರಿಸಿದರೆ, “ಅಯ್ಯೋ, ನಮ್ಮ ಕಲ್ಯಾಣಿ ಮದುವೆ ಫೋಟೋ ತೆಗೆದೋನೇ ಅಲ್ವಾ ಬೀಗಿತಿ, ಬಸ್‌ಸ್ಟ್ಯಾಂಡಿನ ಹಿಂದೆ ಸ್ಟುಡಿಯೋ,” ಎಂದಳು.

ಗುರುವಾರ ಬೆಳಿಗ್ಗೆ ಮುನೆಮ್ಮ ಸೊಸೆಯ ಹಣೆ ಮುಟ್ಟಿ, “ಹೋಗ್ಬತ್ತೀನಿ,” ಎಂದು ಹೇಳಿ ಬಸ್ಸು ಹತ್ತಿದಳು. ಪಾವಗಡದಲ್ಲಿ ಇಳಿದು ಇನ್ನೊಂದು ಬಸ್ಸು. ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಅಜ್ಜಿಯನ್ನು ನೆನೆಸಿಕೊಂಡಳು.

ಮುನೆಮ್ಮನಿಗೆ ಆಗ ಎಂಟು ವರ್ಷ. ಕಂಬದೂರಿನ ಹತ್ತಿರದ ಊರು, ಹುಲ್ಲು ಹೊದಿಸಿದ ಮನೆ. ಒಂದು ಮಧ್ಯಾಹ್ನ ತಾತ ಬಂದು ಮನೆಯ ನಡುನೆತ್ತಿಯ ಮೇಲೆ ಕೂತ. ಒಳಗೆ ಅವ್ವ ಹತ್ತು ದಿನದ ಬಾಣಂತಿ, ಮಗ್ಗುಲಲ್ಲಿ ಹಸುಗೂಸು. ಬಾಣಂತಿಯನ್ನು ಹೊಲಕ್ಕೆ ಸಾಗಿಸುವ ಹಾಗಿಲ್ಲ. ಗಂಡಸರು ಜಗಲಿಯಲ್ಲಿ ಕೂತು ತಲೆ ಕೆರೆದುಕೊಂಡರು. ಅಜ್ಜಿ ಯಾರನ್ನೂ ಕೇಳಲಿಲ್ಲ. ಒಲೆಗೆ ಒಂದು ಚೊಂಬು ನೀರು ಹಾಕಿ ಬೆಂಕಿ ಆರಿಸಿದಳು. ಒಂದು ಗಡಿಗೆ, ಒಂದು ಕಂಬಳಿ, ಒಂದು ಹೊಸ ಪೊರಕೆ ತೆಗೆದುಕೊಂಡಳು. “ಮನೆ ಬಿಟ್ಟೋಳು ನಾನು. ಇನ್ನು ನೀವು ಪಕ್ಕದ ಮನೆ ಕೆಂಡ ತಂದು ಒಲೆ ಹಚ್ಚಿಕೊಳ್ರಿ,” ಎಂದಳು. ಹೊಸಿಲು ದಾಟುವಾಗ ಒಂದು ಮಾತು ಆಡಿದಳು: “ಹೋಯ್ತೀನಿ.”

ಈ ಕಡೆ ಅಂಗಡಿಗೆ ಹೋಗುವವರೂ ಹಾಗೆ ಅನ್ನುವುದಿಲ್ಲ. ಬತ್ತೀನಿ ಎನ್ನಬೇಕು, ಹೋಗ್ಬತ್ತೀನಿ ಎನ್ನಬೇಕು. ಬಾಣಂತಿ ಒಳಗಿಂದ ಅಳುತ್ತ, “ಬತ್ತೀನಿ ಅನ್ನು ಅತ್ತೆ, ಬತ್ತೀನಿ ಅನ್ನು,” ಎಂದು ಕೂಗಿದ್ದು ಮುನೆಮ್ಮನಿಗೆ ಅರವತ್ತು ವರ್ಷದ ಮೇಲೂ ಕೇಳುತ್ತದೆ. ಅಜ್ಜಿ ತಿರುಗಲಿಲ್ಲ. ತಿರುಗಿ ಬರುತ್ತೇನೆ ಎಂದರೆ ಬಿಟ್ಟ ಹಾಗಾಗುವುದಿಲ್ಲವಲ್ಲ.

ದಿನಾ ಬುತ್ತಿ ಒಯ್ಯುತ್ತಿದ್ದವಳು ಮುನೆಮ್ಮ. ಅಜ್ಜಿ ಇದ್ದ ಹೊಲದ ಕೊಟ್ಟಿಗೆಯ ಹತ್ತಿರ ಹೋಗುವ ಹಾಗಿರಲಿಲ್ಲ. ಒಂದು ಚಪ್ಪಡಿಯ ಮೇಲೆ ಇಟ್ಟು ಬರಬೇಕು. ಐದನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಹೋದರೆ, ಹಿಂದಿನ ದಿನದ ಬುತ್ತಿ ಬಿಚ್ಚದೆ ಹಾಗೇ ಇತ್ತು. ತಾತನ ಕಾಟವೋ, ಮಾಗಿಯ ಕೆಮ್ಮೋ, ಯಾರೂ ಹೇಳಲಿಲ್ಲ. ಹಸುಗೂಸು ಉಳಿಯಿತು. ಅದೇ ಮುನೆಮ್ಮನ ತಂಗಿ ಶಿವಲಕ್ಷ್ಮಮ್ಮ. ಈಗ ಕಂಬದೂರಿನಲ್ಲಿ ಏಳು ಮೊಮ್ಮಕ್ಕಳ ಅಜ್ಜಿ.

ಹಿಂದೂಪುರದ ಸ್ಟುಡಿಯೋ ಚಿಕ್ಕದು. ಜಯಚಂದ್ರನಿಗೆ ನಲವತ್ತರ ಹತ್ತಿರ ವಯಸ್ಸು. ಮದುವೆಗಳ ಫೋಟೋ ತೆಗೆದು ಬದುಕುವವನು, ಬಿಡುವು ಸಿಕ್ಕರೆ ಹಕ್ಕಿಗಳ ಹಿಂದೆ ಅಲೆಯುವವನು. ಗೋಡೆಯ ತುಂಬ ನಗುವ ಮದುಮಕ್ಕಳು. ಅವರ ನಡುವೆ, ಚೌಕಟ್ಟು ಹಾಕಿಸಿದ ಒಂದು ಹಳೆಯ ಚಿತ್ರ. ಮುನೆಮ್ಮ ಕೂರುವುದಕ್ಕೆ ಮುಂಚೆಯೇ ಅದನ್ನು ಕಂಡಳು.

ಬಣ್ಣದಲ್ಲಿ ಬರೆದ ತಾತ. ಒಣಗಿದ ಕೊಂಬೆಯ ಮೇಲೆ ಎದೆಯುಬ್ಬಿಸಿ ಕೂತಿದ್ದಾನೆ. ಒಂದೊಂದು ಗರಿಯನ್ನೂ ಕೂದಲೆಳೆಯಷ್ಟು ಸಣ್ಣ ಗೀರುಗಳಲ್ಲಿ ತಿದ್ದಿದ್ದರು. ಕಣ್ಣು ಮಾತ್ರ ಗಾಜಿನ ಗೋಲಿ. ಕೊಂಬೆಯ ಕೆಳಗೆ, ದೂರದಲ್ಲಿ, ಹೆಬ್ಬೆಟ್ಟಿನಷ್ಟು ದೊಡ್ಡ ಒಂದು ಹುಲ್ಲಿನ ಮನೆ. ಅದರ ಸೂರಿನಿಂದ ಹೊಗೆ ಏಳುತ್ತಿತ್ತು.

“ಬಿಳಿಯರ ಕಾಲದ್ದಮ್ಮ ಅದು, ನೂರೈವತ್ತು ವರ್ಷ ಆಗಿರಬಹುದು. ಹಳೇ ಪುಸ್ತಕದ್ದು, ನಾನು ಪ್ರಿಂಟ್ ಹಾಕಿಸಿದೀನಿ,” ಎಂದ ಜಯಚಂದ್ರ. “ಆಗ ಹಕ್ಕಿನ ಹಿಡಿಯೋ ಅಂಥ ಕ್ಯಾಮೆರಾ ಎಲ್ಲಿತ್ತು? ಹಕ್ಕಿಗೆ ಗುಂಡು ಹೊಡೆದು, ಚರ್ಮ ಸುಲಿದು, ಒಳಗೆ ಹತ್ತಿ ತುಂಬಿ ನಿಲ್ಲಿಸ್ತಿದ್ರು. ಅದನ್ನ ನೋಡ್ಕೊಂಡು ಬರೆಯೋದು. ಸತ್ತ ಹಕ್ಕಿ ಅದು. ಕೊಂಬೆ, ಮನೆ, ಹೊಗೆ ಎಲ್ಲ ಆಮೇಲೆ ಚೆಂದಕ್ಕೆ ಸೇರಿಸಿರೋದು.”

“ಆ ಮನೇಲಿ ಯಾರಿದ್ರಪ್ಪ?”

ಅಂಥ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ.

ಮುನೆಮ್ಮ ಬಂದ ಕಾರಣ ಹೇಳಿದಳು. ಟ್ಯಾಂಕು, ಸೀರೆ, ಎಂಟನೇ ತಿಂಗಳು, ಆರು ತಿಂಗಳು. ಕೇಳುತ್ತ ಕೇಳುತ್ತ ಅವನ ಮುಖ ಇಳಿಯಿತು. ಆಮೇಲೆ ಜೋರಾಗಿ ನಕ್ಕು, “ಅದು ನಿಮ್ಮನೆ ಮೇಲೆ ಕೂತೇ ಇಲ್ಲಮ್ಮ,” ಎಂದ. “ಹಿಂದಿನ ಬಂಡೆ ಮೇಲಿತ್ತು. ನಾನು ರಸ್ತೆಯಿಂದ ದೊಡ್ಡ ಲೆನ್ಸ್ ಹಾಕಿ ತೆಗ್ದೆ. ದೂರದ್ದು ಹತ್ತಿರದ್ದು ಎಲ್ಲ ಒಂದಕ್ಕೊಂದು ಅಂಟಿಕೊಂಡು ಬಿಡುತ್ತೆ ಅದ್ರಲ್ಲಿ. ಇರಿ, ತೋರಿಸ್ತೀನಿ.”

ಅವಳಿಗೆಂದು ತರಿಸಿದ್ದ ಟೀ ಲೋಟವನ್ನು ಮೇಜಿನ ತುದಿಗೆ ಸರಿಸಿದ. “ಒಂದು ಕಣ್ಣು ಮುಚ್ಕೊಳ್ಳಿ. ಸ್ವಲ್ಪ ಬಗ್ಗಿ. ಇನ್ನೂ ಸ್ವಲ್ಪ. ಲೋಟದ ಅಂಚಿಂದ ಗೋಡೆ ನೋಡಿ.”

ಮುನೆಮ್ಮ ಬಗ್ಗಿದಳು. ಗೋಡೆಯ ಮೇಲಿದ್ದ ಸತ್ತ ಹಕ್ಕಿ ಮೆಲ್ಲಗೆ ಇಳಿದು ಬಂದು ಅವಳ ಟೀ ಲೋಟದ ಬಾಯಿಯ ಮೇಲೆ ಕೂತಿತು. ತಲೆ ಎತ್ತಿದರೆ ಗೋಡೆಗೆ ಹೋಗುತ್ತಿತ್ತು, ಬಗ್ಗಿದರೆ ಮತ್ತೆ ಲೋಟಕ್ಕೆ ಬರುತ್ತಿತ್ತು. ಮೂರು ಸಲ ಹಾಗೆ ಮಾಡಿ ನೋಡಿದಳು. ಎದೆಯ ಮೇಲಿನ ಭಾರ ಇಳಿಯಿತು. ಆದರೂ ಆ ಟೀ ಅವಳು ಕುಡಿಯಲಿಲ್ಲ.

“ಇನ್ನೊಂದು ಗುರುತು ಹೇಳ್ತೀನಿ,” ಎಂದು ಅವನು ಕಂಪ್ಯೂಟರಿನಲ್ಲಿ ಆ ಪಟ ದೊಡ್ಡದು ಮಾಡಿದ. “ಸೂರ್ಯ ಈ ಕಡೆ ಇದಾನೆ. ನಿಜವಾಗಿ ಟ್ಯಾಂಕಿನ ಮೇಲೆ ಕೂತಿದ್ರೆ ಪಕ್ಕದ ಸೀರೆ ಮೇಲೆ ಅದರ ನೆರಳು ಬೀಳಬೇಕು. ಎಲ್ಲಿದೆ ನೆರಳು?”

ಇರಲಿಲ್ಲ. ಸೀರೆ ಚೊಕ್ಕವಾಗಿ ಹೊಳೆಯುತ್ತಿತ್ತು. ಕುರಿ ಕಾಯ್ದು ನೆರಳಿನಲ್ಲೇ ಹೊತ್ತು ಅಳೆದವಳು ಮುನೆಮ್ಮ, ಅವಳಿಗೆ ಈ ಮಾತು ಬಿಡಿಸಿ ಹೇಳಬೇಕಾಗಿರಲಿಲ್ಲ. ಊರ ಬಾಯಿ ಮುಚ್ಚಿಸಲು ಇಷ್ಟು ಸಾಕು. ಕೈ ಮುಗಿದಳು.

“ಪಾಪದ ಹಕ್ಕಿ ಅಮ್ಮ,” ಎಂದ ಜಯಚಂದ್ರ. “ದನಕ್ಕೆ ಒಂದು ನೋವಿನ ಇಂಜೆಕ್ಷನ್ ಕೊಡ್ತಿದ್ರಲ್ಲ, ಆ ದನ ಸತ್ತ ಮೇಲೆ ತಿಂದು ತಿಂದೇ ಇವು ನಾಶ ಆದ್ವು. ಇದೊಂದು ಎಲ್ಲಿಂದಲೋ ದಾರಿ ತಪ್ಪಿ ಬಂದಿದೆ.”

“ಹಕ್ಕಿ ಮ್ಯಾಲೆ ನಂಗೇನು ಸಿಟ್ಟಿಲ್ಲಪ್ಪ.”

ಅಷ್ಟರಲ್ಲಿ ಪಾಸ್‌ಪೋರ್ಟ್ ಫೋಟೋಗೆ ಯಾರೋ ಬಂದರು. “ಅವತ್ತು ತೆಗೆದಿದ್ದೆಲ್ಲ ಇದರಲ್ಲೇ ಇದೆ. ಈ ಬಾಣದ ಗುಂಡಿ ಒತ್ತುತ್ತಾ ನೋಡ್ತಿರಿ,” ಎಂದು ಹೇಳಿ ಅವನು ಒಳಕೋಣೆಗೆ ಹೋದ.

ಮುನೆಮ್ಮ ಒಂದು ಬೆರಳಿನಲ್ಲಿ ಒತ್ತಿದಳು. ಬಂಡೆಯ ಮೇಲೆ ತಾತ. ಮತ್ತೆ ಒತ್ತಿದಳು. ಬಂಡೆಯ ಮೇಲೆ ತಾತ, ಪಕ್ಕದಲ್ಲಿ ಕಾವಿ ಬಾವುಟ. ಇದರಲ್ಲಿ ಮನೆ ಬೇರೆ, ಬಂಡೆ ಬೇರೆ ಸರಿಯಾಗಿ ಕಾಣುತ್ತಿತ್ತು. ಮತ್ತೆ ಒತ್ತಿದಳು. ರೆಕ್ಕೆ ಬಿಚ್ಚುತ್ತಿದ್ದ. ಮತ್ತೆ. ಬರೀ ಆಕಾಶ. ಮತ್ತೆ. ಒಂದು ರೆಕ್ಕೆಯ ತುದಿ. ಮತ್ತೆ.

ಆ ಪಟ ಅಲುಗಿತ್ತು. ಕಣ್ಣಲ್ಲಿ ನೀರು ತುಂಬಿಕೊಂಡು ನೋಡಿದ ಹಾಗೆ ಎಲ್ಲ ಕದಡಿಹೋಗಿತ್ತು. ಕಪ್ಪು ಟ್ಯಾಂಕು. ಓರೆಯಾದ ಮುಚ್ಚಳ. ಮುಚ್ಚಳದ ಮೇಲೆ ಕಂದು ಬಣ್ಣದ ದೊಡ್ಡ ಮುದ್ದೆ, ಇನ್ನೂ ಮಡಚಿಕೊಳ್ಳದ ಎರಡು ರೆಕ್ಕೆ. ಅದನ್ನು ಲೆನ್ಸಿನ ಆಟ ಎನ್ನಬಹುದಿತ್ತು. ಆದರೆ ಹಳದಿ ಸೀರೆ ಹಳದಿಯಾಗಿರಲಿಲ್ಲ. ಅದರ ಅರ್ಧದಷ್ಟು ಅಗಲಕ್ಕೆ, ಬೆರಳು ಬೆರಳಾಗಿ ಬಿಡಿಸಿಕೊಂಡ ರೆಕ್ಕೆಯ ನೆರಳು ಬಿದ್ದಿತ್ತು.

ಮೂಲೆಯಲ್ಲಿದ್ದ ಅಂಕಿಗಳನ್ನು ಕೂಡಿಸಿ ಓದಿದಳು. ಏಳು ಗಂಟೆ ಎರಡು ನಿಮಿಷ.

ಜಯಚಂದ್ರ ತಿರುಗಿ ಬಂದಾಗ ಅವಳು ಬೆರಳನ್ನು ಗುಂಡಿಯ ಮೇಲೆ ಇಟ್ಟುಕೊಂಡೇ ಕೂತಿದ್ದಳು. ಅವನೂ ನೋಡಿದ. ಬಗ್ಗಿ, ಹತ್ತಿರದಿಂದ ನೋಡಿದ.

“ಇದನ್ನ ನಾನು ಗಮನಿಸೇ ಇರಲಿಲ್ಲ ಅಮ್ಮ. ಅಲುಗಿದ ಪಟ ಅಂತ ಹಾಗೇ ಬಿಟ್ಟಿದ್ದೆ.”

“ಇನ್ಯಾರು ನೋಡವ್ರೆ?”

“ಯಾರೂ ಇಲ್ಲ.”

“ಅಳಿಸ್ಬುಡಪ್ಪ.”

ಅವನು ಒಂದು ಗಳಿಗೆ ತಡೆದ. ಮೂವತ್ತು ವರ್ಷದ ಮೇಲೆ ಬಂದ ಹಕ್ಕಿ ಮನೆಯ ಮೇಲಿಳಿದ ಒಂದೇ ಪಟ ಅದು. ಅವಳ ಮುಖ ನೋಡಿದ. ಅಳಿಸಿದ. ಬಂಡೆ, ಬಾವುಟ, ತಾತ ಬೇರೆ ಬೇರೆ ಕಾಣುವ ಪಟವನ್ನು ದೊಡ್ಡದಾಗಿ ಪ್ರಿಂಟು ಹಾಕಿ, ಸುರುಳಿ ಸುತ್ತಿ ಅವಳ ಕೈಗಿತ್ತ.

“ಅದು ಎರಡು ನಿಮಿಷಾನೂ ಕೂತಿರಲ್ಲ,” ಎಂದ, ಬಾಗಿಲವರೆಗೂ ಬಂದು.

“ಹತ್ತು ವರ್ಷ ಕೂತ್ರೂ ಒಂದೆ, ಎರಡು ನಿಮಿಷ ಕೂತ್ರೂ ಒಂದೆ ಕಣಪ್ಪ,” ಎಂದಳು ಮುನೆಮ್ಮ.

ಸಂಜೆ ಮನೆಯಲ್ಲಿ ಸುರುಳಿ ಬಿಚ್ಚಿದಾಗ ಬೀದಿಯ ಅರ್ಧ ಜನ ಗೇಟಿನೊಳಗೆ ಬಂದಿದ್ದರು. ಮುನೆಮ್ಮ ಲೋಟವನ್ನು ಮೇಜಿನ ಮೇಲಿಟ್ಟು, ಗೋಡೆಯ ಕ್ಯಾಲೆಂಡರಿನ ಲಕ್ಷ್ಮಿಯನ್ನು ಅದರ ಮೇಲೆ ಕೂರಿಸಿ ಎಲ್ಲರಿಗೂ ತೋರಿಸಿದಳು. ಆದಿಲಕ್ಷ್ಮಿ ನಾಲ್ಕು ಸಲ ಬಗ್ಗಿ ಎದ್ದಳು. “ನಮ್ಮನೇಲೂ ಹಿಂಗೇ ಲಕ್ಷ್ಮಿ ಕೂರ್ತಾಳೇನೋ ನೋಡ್ತೀನಿ,” ಎಂದಳು. ನೆರಳಿನ ಗುರುತನ್ನೂ ಮುನೆಮ್ಮ ವಿವರಿಸಿ ಹೇಳಿದಳು. ದಾಸಣ್ಣ ಪೊರೆಗಣ್ಣನ್ನು ಪಟಕ್ಕೆ ತಾಗಿಸಿ, “ಸರಿ ಬಿಡು, ಬಂಡೆ ಮ್ಯಾಲೆ ಐತೆ ತಾತ. ಅವ್ನ ಜಾಗ ಅವ್ನಿಗೆ,” ಎಂದು ಉಸಿರು ಬಿಟ್ಟ. ರವಿತೇಜ ಎರಡು ಮುದ್ದೆ ಉಂಡ. ಕಲ್ಯಾಣಿ ಮೂರು ದಿನದ ಮೇಲೆ ನಿದ್ದೆ ಮಾಡಿದಳು.

ಶುಕ್ರವಾರ ಮುನೆಮ್ಮ ಬೀಗಿತಿಗೆ ಫೋನು ಮಾಡಿಸಿ, ಹೆರಿಗೆ ಆಗುವವರೆಗೆ ಇಲ್ಲೇ ಬಂದು ಇರಬೇಕು ಎಂದಳು. ಶನಿವಾರ ಸಂತೆಯಿಂದ ಒಂದು ಪೊರಕೆ ತಂದಳು. ಭಾನುವಾರ ರಮಾದೇವಿ ಬಂದಿಳಿದ ಮೇಲೆ ಹೇಳಿದಳು, ಹೊಲದಲ್ಲಿ ಬೋರಿನ ತಂತಿ ಕದಿಯುವವರ ಕಾಟ ಹೆಚ್ಚಾಗಿದೆ, ಒಂದಷ್ಟು ದಿನ ಶೆಡ್ಡಿನಲ್ಲಿ ಇದ್ದು ಕಾಯುತ್ತೇನೆ ಎಂದು.

“ನೀನು ಕಳ್ಳರ್ನ ಕಾಯ್ತೀಯಾ?” ಎಂದ ರವಿತೇಜ.

“ಮುದುಕಿ ಕೆಮ್ಮಿದ್ರೆ ಸಾಕು ಕಣ್ಲಾ, ಓಡೋಯ್ತಾರೆ.”

“ಮಗು ಹುಟ್ಟೋ ಹೊತ್ತಿಗೆ ಇರಲ್ವಾ ಅತ್ತಮ್ಮ?” ಎಂದು ಕಲ್ಯಾಣಿ ಕೇಳಿದಳು. ಮುನೆಮ್ಮ ಅವಳ ಕಾಲಿನ ಹೊದಿಕೆ ಸರಿಮಾಡಿದಳು. ಮಗು ಜೋರಾಗಿ ಒದೆಯುತ್ತಿತ್ತು. ಹೊದಿಕೆಯ ಮೇಲಿಂದಲೇ ಕಾಣುತ್ತಿತ್ತು.

ಮರುದಿನ ಬೆಳಿಗ್ಗೆ ಎಲ್ಲರೂ ಏಳುವ ಮುಂಚೆ ಎದ್ದಳು. ಈಗಿನ ಮನೆಯಲ್ಲಿ ಗ್ಯಾಸಿದ್ದರೂ ಅವಳು ತನ್ನ ಪಾಲಿಗೆಂದು ಒಂದು ಸೌದೆ ಒಲೆ ಇಟ್ಟುಕೊಂಡಿದ್ದಳು. ಅದಕ್ಕೆ ಒಂದು ಚೊಂಬು ನೀರು ಹಾಕಿದಳು. ಬೂದಿ ಚುಸ್ ಎಂದು ಸದ್ದು ಮಾಡಿ ಸುಮ್ಮನಾಯಿತು. ಚಪ್ಪಡಿಯ ಮೇಲೆ ಬಿಚ್ಚದೆ ಉಳಿದ ಆ ಬುತ್ತಿ ಕಣ್ಣ ಮುಂದೆ ಬಂತು. ಗೋಡೆ ಹಿಡಿದು ನಿಂತು, ಆಮೇಲೆ ಹೊರಗೆ ಬಂದಳು.

ಜೀಪು ನಿಂತಿತ್ತು. ಬೆಳಗಿನ ಟೀಗೆಂದು ಬಂದ ದಾಸಣ್ಣ ಗೇಟಿನ ಹತ್ತಿರ ಇದ್ದ. “ಏನಮ್ಮ, ಕಳ್ಳರ್ಗೆ ಹೊಡೆಯೋಕೆ ಪೊರಕೆ ತಕ್ಕಂಡ್ಯಾ?” ಎಂದು ನಗಲು ಹೊರಟವನು, ಅವಳ ಕಂಕುಳಲ್ಲಿ ಇನ್ನೇನಿದೆ ಎಂದು ಹತ್ತಿರ ಬಂದು ನೋಡಿದ. ಒಂದು ಗಡಿಗೆ. ಒಂದು ಕಂಬಳಿ.

ಮುನೆಮ್ಮ ಹೊಸಿಲು ದಾಟಿದಳು. “ಹೋಯ್ತೀನಿ,” ಎಂದಳು.

“ಬತ್ತೀನಿ ಅನ್ನಿ ಅತ್ತಮ್ಮ,” ಎಂದಳು ಕಲ್ಯಾಣಿ ಮಂಚದಿಂದ. ಅವಳಿಗೆ ಏನೂ ಗೊತ್ತಿರಲಿಲ್ಲ. ಮುದುಕಿ ಮರೆತಳೆಂದು ನಗುತ್ತಲೇ ಹೇಳಿದಳು.

ದಾಸಣ್ಣನಿಗೆ ಗೊತ್ತಾಯಿತು. ತಲೆಯ ಟವೆಲು ತೆಗೆದು ಕೈಯಲ್ಲಿ ಹಿಡಿದ. ಮುನೆಮ್ಮ ಒಂದೇ ಒಂದು ಸಲ ಅವನ ಕಡೆ ನೋಡಿ ಬೇಡವೆಂದು ತಲೆಯಾಡಿಸಿದಳು. ಅವನು ಬಾಯಿ ಮುಚ್ಚಿಕೊಂಡ. ಮಾಳಿಗೆಯ ಮೇಲೆ ಗಾಳಿಗೆ ಮುಚ್ಚಳ ಬಡಿಯಿತು. ಅವಳು ತಿರುಗಿ ನೋಡಲಿಲ್ಲ; ಮಗನ ಪಕ್ಕ ಖಾಲಿಯಿದ್ದ ಮುಂದಿನ ಸೀಟಿನಲ್ಲಿ ಕೂತಳು.

ಆ ಆಷಾಢದಲ್ಲಿ ಆ ಮನೆ ಬಿಟ್ಟು ಹೋದವಳು ಮುನೆಮ್ಮ ಒಬ್ಬಳೇ. ಅವತ್ತು ಸೋಮವಾರ.